ಕಾವೇರಿ 2.0: ಏರಿಯಾ ರೇಟು ತಿಳಿಯಲು ಎಷ್ಟು ನೆಚ್ಚಬಹುದು?

"ಆ ಏರಿಯಾದಲ್ಲಿ ಚದರಡಿ ಎಷ್ಟಕ್ಕೆ ನಡೀತಿದೆ?" ಬೆಂಗಳೂರಿನಲ್ಲಿ ಮನೆ ಕೊಳ್ಳುವವರೂ ಮಾರುವವರೂ ಮೊದಲು ಕೇಳುವುದು ಇದನ್ನೇ. ಬ್ರೋಕರ್ ಒಂದು ಹೇಳುತ್ತಾನೆ, ಪಕ್ಕದ ಮನೆಯವರು ಇನ್ನೊಂದು, ಮೊಬೈಲಿನ ಆ್ಯಪು ಮತ್ತೊಂದು. ಇವೆಲ್ಲ ಬಾಯಿಮಾತಿನ ರೇಟು. ಕೊಟ್ಟು ತೆಗೆದುಕೊಂಡ ರೇಟು ಬರಹದಲ್ಲಿ ಉಳಿಯುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ದಾಖಲೆಯಲ್ಲಿ. ಆ ದಾಖಲೆಗೆ ಈಗಿರುವ ಬಾಗಿಲು ಕಾವೇರಿ 2.0. 2023ರಲ್ಲಿ ರಾಜ್ಯದ ಉಪನೋಂದಣಿ ಕಚೇರಿಗಳಿಗೆಲ್ಲ ಬಂದ ಈ ವ್ಯವಸ್ಥೆಯನ್ನು ಕ್ರಯಪತ್ರ ನೋಂದಾಯಿಸುವ ಸಾಧನವಾಗಿ ಎಲ್ಲರೂ ಬಲ್ಲರು. ಒಂದು ಬಡಾವಣೆಯ, ಅಷ್ಟೇಕೆ ಒಂದೇ ಒಂದು ಕ್ರಾಸಿನ, ನಿಜವಾದ ಬೆಲೆ ಹುಡುಕಲು ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು ಈ ವಿಮರ್ಶೆಯ ವಿಷಯ.

ತೀರ್ಪು ಮೊದಲೇ ಹೇಳಿಬಿಡೋಣ. ಎಲ್ಲರೂ ನೋಡುವ ಭಾಗ ಮಾರ್ಗಸೂಚಿ ಮೌಲ್ಯ, ಅಂದರೆ ಮುದ್ರಾಂಕ ಶುಲ್ಕದ ಲೆಕ್ಕಕ್ಕೆಂದು ಸರ್ಕಾರ ಗೊತ್ತುಪಡಿಸುವ ಕನಿಷ್ಠ ಮೌಲ್ಯ. ಬೆಲೆ ತಿಳಿಯಲು ಅದು ತೀರ ಬಡಪಾಯಿ. ತೆರಿಗೆ ಲೆಕ್ಕಕ್ಕೆ ಮಾತ್ರ ಅದನ್ನು ಬಿಟ್ಟರೆ ಗತಿಯಿಲ್ಲ. ಬೆಲೆಗಾಗಿ ಯಾರೂ ನೋಡದ ಭಾಗ ಇ.ಸಿ., ಅಂದರೆ ಒಂದು ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳ ಪಟ್ಟಿ ಕೊಡುವ ಋಣಭಾರ ಪತ್ರ. ಅದನ್ನು ಓದಲು ಬಂದರೆ ಯಾವ ಆ್ಯಪೂ ಕೊಡದ ಸಂಗತಿ ಸಿಗುತ್ತದೆ.

ಮಾರ್ಗಸೂಚಿ ಮೌಲ್ಯ ಹುಡುಕುವ ಸೌಲಭ್ಯ

ಇದಕ್ಕೆ ಲಾಗಿನ್ ಬೇಡ. ಜಿಲ್ಲೆ, ಪ್ರದೇಶದ ಹೆಸರು, ಆಸ್ತಿ ಸೈಟೋ ಫ್ಲ್ಯಾಟೋ ಜಮೀನೋ ಎಂಬುದು, ಬಳಕೆಯ ಬಗೆ, ವಿಸ್ತೀರ್ಣ ಇಷ್ಟು ಕೊಟ್ಟರೆ ಮೊತ್ತ ಬರುತ್ತದೆ. ನೋಡಲು ಸುಲಭ. ತಪ್ಪುವುದು ಸಣ್ಣ ಸಣ್ಣ ಕಡೆಗಳಲ್ಲಿ.

ಮೊದಲನೆಯದು ಅಳತೆ. ಬೆಂಗಳೂರಿನ ಪಟ್ಟಿಯಲ್ಲಿ ಸೈಟು, ಫ್ಲ್ಯಾಟುಗಳ ದರ ಇರುವುದು ಚದರ ಮೀಟರಿಗೆ. ಊರಲ್ಲಿ ಮಾತಾಡುವುದು ಚದರಡಿಯಲ್ಲಿ. ಒಂದು ಚದರ ಮೀಟರ್ ಎಂದರೆ 10.764 ಚದರಡಿ. 30×40ರ ಸೈಟು 1,200 ಚದರಡಿ, ಅಂದರೆ 111.48 ಚದರ ಮೀಟರ್. ಪಟ್ಟಿಯಲ್ಲಿ 70,000 ಎಂದು ಕಂಡು ಎದೆ ಒಡೆದುಕೊಳ್ಳಬೇಕಿಲ್ಲ. ಅದು ಚದರಡಿಗೆ ಸುಮಾರು 6,500 ಆಯಿತು.

ಎರಡನೆಯದು ಹೆಸರು. ಬೆಂಗಳೂರಿನ ಬಡಾವಣೆಗಳೆಲ್ಲ ಒಂದು ಕಾಲದ ಹಳ್ಳಿಗಳ ಮೇಲೆ ಕೂತಿವೆ. ಹಾಗಾಗಿ ಒಂದೇ ಜಾಗ ಪಟ್ಟಿಯಲ್ಲಿ ಬಡಾವಣೆಯ ಹೆಸರಿನಲ್ಲೂ ಇರಬಹುದು, ಹಳ್ಳಿಯ ಹೆಸರಿನಲ್ಲೂ ಇರಬಹುದು, ಸೊಸೈಟಿ ಲೇಔಟಿನ ಹೆಸರಿನಲ್ಲಿ ಮೂರನೇ ಸಾಲೂ ಇರಬಹುದು. ಮೂರಕ್ಕೂ ಮೂರು ದರ. ಜೆ.ಪಿ. ನಗರದಂಥ ಕಡೆ ಬರೀ 'ಜೆ.ಪಿ. ನಗರ' ಎಂದು ಹುಡುಕಿದರೆ ಏನೂ ಗೊತ್ತಾಗದು. ಹಂತ ಬೇಕು, ಕೆಲವು ಕಡೆ ಲೇಔಟಿನ ಹೆಸರೂ ಬೇಕು. ಯಾವ ಸಾಲು ನಿಮ್ಮದು ಎಂದು ತೀರ್ಮಾನಿಸುವುದು ಮಾರುವವರ ಮಾತಲ್ಲ, ಹಿಂದಿನ ಕ್ರಯಪತ್ರದ ಷೆಡ್ಯೂಲಿನಲ್ಲಿರುವ ವಿವರಣೆ. ಅದನ್ನು ಕೈಯಲ್ಲಿ ಹಿಡಿದೇ ಹುಡುಕಬೇಕು. ಇಂಗ್ಲಿಷ್ ಕಾಗುಣಿತದಲ್ಲಿ ಸಿಗದ ಹೆಸರು ಕನ್ನಡದಲ್ಲಿ ಸಿಗುವುದುಂಟು, ಅದರ ತಿರುಗುಮುರುಗೂ ಉಂಟು.

ಮೂರನೆಯದು ರಸ್ತೆ. ಬಡಾವಣೆಗೆ ಒಂದು ಸಾಮಾನ್ಯ ದರವಿದ್ದು, ಅದರೊಳಗಿನ ಮುಖ್ಯರಸ್ತೆಗಳಿಗೆ ಬೇರೆ ದರ ಇರುತ್ತದೆ. ಹುಡುಕಾಟದ ಪೆಟ್ಟಿಗೆ ಸಾಮಾನ್ಯ ದರ ತೋರಿಸಿತು ಎಂದು ಮುಂಗಡ ಕೊಟ್ಟವರು, ಸೈಟಿನ ಒಂದು ಬದಿ ಮುಖ್ಯರಸ್ತೆಗೆ ತಗುಲುತ್ತದೆ ಎಂಬ ಕಾರಣಕ್ಕೆ ನೋಂದಣಿಯ ಹೊತ್ತಿಗೆ ಹೆಚ್ಚಿನ ಮುದ್ರಾಂಕ ಶುಲ್ಕ ಕಟ್ಟಬೇಕಾಗುವುದು ಮಾಮೂಲು. ಅದಕ್ಕೇ ಆನ್‌ಲೈನ್ ಮೊತ್ತವನ್ನು ಕೊನೆಯ ಮಾತೆಂದು ತಿಳಿಯದೆ, ಇಲಾಖೆ ಉಪನೋಂದಣಿ ಕಚೇರಿವಾರು ಪ್ರಕಟಿಸುವ ಪಿಡಿಎಫ್ ಪಟ್ಟಿಯನ್ನೂ ಇಳಿಸಿಕೊಳ್ಳಬೇಕು. ಪಟ್ಟಿಯ ಜೊತೆಗಿರುವ 'ವಿಶೇಷ ಸೂಚನೆಗಳು' ಎಂಬ ಪುಟಗಳನ್ನು ಜನ ಓದುವುದೇ ಇಲ್ಲ. ಮೂಲೆ ಸೈಟಿಗೆ ಎಷ್ಟು ಸೇರಿಸಬೇಕು, ವಾಣಿಜ್ಯ ಬಳಕೆಗೆ ಎಷ್ಟು, ಕಟ್ಟಡದ ಮೌಲ್ಯ ಹೇಗೆ ಕೂಡಿಸಬೇಕು, ಹಳೆಯದಾದರೆ ಎಷ್ಟು ಕಳೆಯಬೇಕು, ಎಲ್ಲ ಅಲ್ಲೇ ಇದೆ.

ಇನ್ನು ಈ ಮೌಲ್ಯ ಬೆಲೆಯಲ್ಲ ಏಕೆ? ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 45ಬಿ ಕಲಮಿನಡಿ ಕೇಂದ್ರ ಮೌಲ್ಯಮಾಪನ ಸಮಿತಿ ಇದನ್ನು ಗೊತ್ತುಪಡಿಸುತ್ತದೆ. ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಉದ್ದೇಶ ಒಂದೇ: ಇದಕ್ಕಿಂತ ಕಡಿಮೆ ತೋರಿಸಿ ಶುಲ್ಕ ತಪ್ಪಿಸಬಾರದು. ಪರಿಷ್ಕರಣೆ ಪ್ರತಿ ತಿಂಗಳು ನಡೆಯುವ ಕೆಲಸವಲ್ಲ. ರಾಜ್ಯದ ದೊಡ್ಡ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ನಮ್ಮ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಹೋದದ್ದು 2024ರ ನವೆಂಬರ್‌ನಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಓಡತೊಡಗಿದ್ದು 2025ರ ಆಗಸ್ಟ್‌ನಲ್ಲಿ. 2023ರ ಪಟ್ಟಿಗೆ ಇವೆರಡೂ ಗೊತ್ತಿರಲು ಸಾಧ್ಯವಿಲ್ಲ. ನೋಡುತ್ತಿರುವ ಪಟ್ಟಿ ಯಾವ ತಾರೀಖಿನ ಅಧಿಸೂಚನೆಯದು ಎಂದು ಮೊದಲು ನೋಡಿಕೊಳ್ಳಿ. ಹಾಗೆಂದು ಮಾರುಕಟ್ಟೆ ಯಾವಾಗಲೂ ಮೇಲೆಯೇ ಇರುತ್ತದೆ ಎಂದೂ ಅಲ್ಲ. ಕಾರು ತಿರುಗದ ಗಲ್ಲಿ, ಬಿ ಖಾತೆ (ಪೂರ್ತಿ ಅನುಮೋದನೆಯಿಲ್ಲದ ಆಸ್ತಿಗೆ ಪಾಲಿಕೆ ಕೊಡುವ ಖಾತೆ), ಮಳೆಗೆ ಮುಳುಗುವ ಕ್ರಾಸು ಇಂಥ ಕಡೆ ನಿಜ ಬೆಲೆ ಮಾರ್ಗಸೂಚಿಗಿಂತ ಕೆಳಗಿಳಿಯುತ್ತದೆ. ಆಗ ಶುರುವಾಗುತ್ತದೆ ತಲೆನೋವು.

ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ 30×40ರ ಖಾಲಿ ಸೈಟು, ಮಾರ್ಗಸೂಚಿ ದರ ಚದರ ಮೀಟರಿಗೆ 70,000 ಎಂದುಕೊಳ್ಳಿ. ಒಟ್ಟು 78,03,600 ರೂ. ಮಾತಾದ ಬೆಲೆ 70 ಲಕ್ಷ. ಮುದ್ರಾಂಕ ಶುಲ್ಕ ಎರಡರಲ್ಲಿ ಹೆಚ್ಚಿನದರ ಮೇಲೆ: ಶೇ 5ರಂತೆ 3,90,180, ಆ ಶುಲ್ಕದ ಮೇಲೆ ಶೇ 10 ಉಪಕರ 39,018, ನಗರದಲ್ಲಿ ಶೇ 2 ಅಧಿಭಾರ ಸುಮಾರು 7,804, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿರುವುದರಿಂದ 1,56,072. ಒಟ್ಟು 5,93,074 ರೂ., ಅಂದರೆ ಶೇ 7.6. ಹಳೆಯ ಶೇ 6.6ರ ಲೆಕ್ಕವನ್ನೇ ಇನ್ನೂ ತೋರಿಸುವ ಕ್ಯಾಲ್ಕುಲೇಟರುಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, ನಂಬಬೇಡಿ.

ಅಷ್ಟಕ್ಕೇ ಮುಗಿಯದು. ಆದಾಯ ತೆರಿಗೆಯವರು ಮಾರ್ಗಸೂಚಿ ಮೌಲ್ಯ ಮತ್ತು ಕ್ರಯದ ಮೊತ್ತದ ನಡುವೆ ಶೇ 10ರವರೆಗಿನ ವ್ಯತ್ಯಾಸವನ್ನು ಬಿಟ್ಟುಕೊಡುತ್ತಾರೆ. ನಮ್ಮ ಉದಾಹರಣೆಯಲ್ಲಿ 70 ಲಕ್ಷಕ್ಕೆ 78.03 ಲಕ್ಷ ಎಂದರೆ ಶೇ 11 ದಾಟಿತು. ಮಾರಿದವರಿಗೆ 78.03 ಲಕ್ಷವೇ ಬಂದಂತೆ ಲೆಕ್ಕ ಹಿಡಿದು ಬಂಡವಾಳ ಲಾಭದ ತೆರಿಗೆ. ಕೊಂಡವರಿಗೆ 8,03,600 ರೂ. ಇತರ ಆದಾಯ. ಶೇ 10ನ್ನು ಮೀರಿದ ಭಾಗಕ್ಕಷ್ಟೇ ಅಲ್ಲ, ಇಡೀ ವ್ಯತ್ಯಾಸಕ್ಕೆ. ಅದೇ ಬೆಲೆ 71 ಲಕ್ಷವಾಗಿದ್ದರೆ ಶೇ 9.9ರಲ್ಲಿ ನಿಂತು ಇಬ್ಬರೂ ಪಾರು. ಒಂದು ಲಕ್ಷದ ಚೌಕಾಶಿ ಇಬ್ಬರಿಗೂ ಅದಕ್ಕಿಂತ ದುಬಾರಿಯಾಗಬಹುದಾದ ಜಾಗ ಇದು. ಕರಾರು ಮಾಡಿಕೊಂಡ ದಿನಕ್ಕೂ ನೋಂದಣಿಯ ದಿನಕ್ಕೂ ನಡುವೆ ಮಾರ್ಗಸೂಚಿ ಮೌಲ್ಯ ಏರಿದರೆ, ಆದಾಯ ತೆರಿಗೆಗೆ ಕರಾರಿನ ದಿನದ ಮೌಲ್ಯ ಹಿಡಿಯಲು ಅವಕಾಶವಿದೆ. ಆದರೆ ಮುಂಗಡದ ಸ್ವಲ್ಪ ಭಾಗವಾದರೂ ಆ ದಿನವೋ ಅದಕ್ಕೆ ಮುಂಚೆಯೋ ಬ್ಯಾಂಕ್ ಮೂಲಕ ಹೋಗಿರಬೇಕು. ಮುಂಗಡವನ್ನು ನಗದಿನಲ್ಲಿ ಕೇಳುವವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಮಾರ್ಗಸೂಚಿ ಮೌಲ್ಯದ ಸೌಲಭ್ಯಕ್ಕೆ ತೆರಿಗೆ ಸಾಧನವಾಗಿ ಐದಕ್ಕೆ ನಾಲ್ಕು. ಬೆಲೆಯ ಸಾಧನವಾಗಿ ಒಂದೂವರೆ, ಅದೂ ಒಂದು ಕಾರಣಕ್ಕೆ: ಪಕ್ಕಪಕ್ಕದ ಎರಡು ಬಡಾವಣೆಗಳ ನಡುವಿನ ಅನುಪಾತ ಬಹಳ ಸಲ ಸರಿಯಾಗಿರುತ್ತದೆ, ಮೊತ್ತ ಸರಿಯಿಲ್ಲದಿದ್ದರೂ.

ಇ.ಸಿ.: ಋಣಭಾರ ಪತ್ರವನ್ನು ಬೆಲೆಪಟ್ಟಿಯಾಗಿ ಓದುವುದು

ಇ.ಸಿ. ಎಂದರೆ ಸಾಲ ಇದೆಯೋ ಇಲ್ಲವೋ ನೋಡುವ ಕಾಗದ ಎಂದೇ ರೂಢಿ. ವಹಿವಾಟು ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಫಾರಂ 15ರಲ್ಲಿ ಆಸ್ತಿಯ ವಿವರಣೆ, ಪತ್ರ ಬರೆದುಕೊಟ್ಟ ತಾರೀಖು, ಪತ್ರದ ಸ್ವರೂಪ, ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಇರುತ್ತವೆ. ಏರಿಯಾ ರೇಟು ಹುಡುಕುವವರಿಗೆ ಬೇಕಾದದ್ದು ತಾರೀಖು, ಸ್ವರೂಪ, ಮೊತ್ತ. ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ಪ್ರಮಾಣಿತ ನಕಲು ಪಡೆಯಬಹುದು ಎಂದು 1908ರ ನೋಂದಣಿ ಕಾಯ್ದೆಯ 57ನೇ ಕಲಮೇ ಹೇಳುತ್ತದೆ. ಇದು ಕದ್ದು ನೋಡುವ ಕೆಲಸವಲ್ಲ.

ಕ್ರಮ ಹೀಗೆ. ಕೊಳ್ಳಬೇಕೆಂದಿರುವ ಫ್ಲ್ಯಾಟಿನದ್ದು ಮಾತ್ರವಲ್ಲ, ಅದೇ ಕಟ್ಟಡದಲ್ಲಿ ಈಚಿನ ಎರಡು ಮೂರು ವರ್ಷದಲ್ಲಿ ಕೈಬದಲಾದ ಇನ್ನೂ ನಾಲ್ಕೈದು ಫ್ಲ್ಯಾಟುಗಳ ಸಂಖ್ಯೆ ಪತ್ತೆ ಮಾಡಿ. ಸೆಕ್ಯುರಿಟಿಯವರು, ಇಸ್ತ್ರಿಯವರು, ಅಸೋಸಿಯೇಷನ್ ಕಾರ್ಯದರ್ಶಿ ಇವರಿಗೆ ಗೊತ್ತಿರುವಷ್ಟು ಯಾವ ಜಾಲತಾಣಕ್ಕೂ ಗೊತ್ತಿಲ್ಲ. ಆ ಸಂಖ್ಯೆಗಳಿಗೆ ಇ.ಸಿ. ಅರ್ಜಿ ಹಾಕಿ. ಸ್ವತಂತ್ರ ಮನೆಯಾದರೆ ಅದೇ ಕ್ರಾಸು, ಅದರ ಹಿಂದಿನ ಕ್ರಾಸು, ಅಷ್ಟೇ ಅಗಲದ ರಸ್ತೆ. ಅದರಾಚೆ ಹೋದರೆ ಹೋಲಿಕೆ ಸಡಿಲವಾಗುತ್ತದೆ. 2004ರ ಏಪ್ರಿಲ್ 1ರ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ಬೆಲೆ ನೋಡಲು ಅಷ್ಟು ಹಿಂದೆ ಹೋಗಬೇಕಿಲ್ಲ, ಹಕ್ಕು ನೋಡಲು ಹೋಗಲೇಬೇಕು.

ಇಲ್ಲಿ ಕಾವೇರಿಯ ಮುಖ್ಯ ದೋಷವೊಂದಿದೆ. ಹುಡುಕಾಟ ನಡೆಯುವುದು ಹಿಂದೆ ಯಾರೋ ಟೈಪು ಮಾಡಿದ ಅಕ್ಷರಗಳ ಮೇಲೆ. 'ಜಿ-2', 'ಜಿ2', 'ನೆಲಮಹಡಿ ಫ್ಲ್ಯಾಟ್ 2' ಮೂರೂ ಒಂದೇ ಮನೆ ಎಂದು ಅದಕ್ಕೆ ಹೊಳೆಯುವುದಿಲ್ಲ. ಆದ್ದರಿಂದ ಫಾರಂ 16 ಬಂತೆಂದು ಹಿಗ್ಗಬಾರದು. ಸೈಟ್ ಸಂಖ್ಯೆ, ಖಾತೆ ಸಂಖ್ಯೆ, ಸರ್ವೆ ನಂಬರು, ಹಳೆ ನಂಬರು, ಹೊಸ ನಂಬರು ಎಂದು ಬೇರೆಬೇರೆಯಾಗಿ ಹಾಕಿ ನೋಡಬೇಕು. ಚಕ್ಕುಬಂದಿ ತಾಳೆಯಾಗುತ್ತದೆಯೇ ನೋಡಬೇಕು. ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆಯಾದ ಇ-ಖಾತೆಯ ಸಂಖ್ಯೆ ಹೊಸ ಪತ್ರಗಳಿಗೆ ಅಂಟಿಕೊಳ್ಳುತ್ತಿರುವುದರಿಂದ ಮುಂದೆ ಇದು ಸುಧಾರಿಸೀತು. ಹಳೆಯ ಪತ್ರಗಳ ಕಥೆ ಹಾಗೇ ಉಳಿಯುತ್ತದೆ.

ಸಿಕ್ಕ ಮೊತ್ತಗಳನ್ನು ಜರಡಿ ಹಿಡಿಯುವುದು ನಿಜವಾದ ಕೆಲಸ. ದಾನಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ ಪತ್ರಗಳ ಮೊತ್ತ ಬೆಲೆಯಲ್ಲ, ಹೊಡೆದುಹಾಕಿ. ಅಣ್ಣ ತಮ್ಮಂದಿರ ನಡುವಿನ ಕ್ರಯವನ್ನೂ ಬಿಡಿ. ಮೊತ್ತ ಮಾರ್ಗಸೂಚಿ ಮೌಲ್ಯಕ್ಕೆ ಸರಿಯಾಗಿ, ಅಥವಾ ಒಂದೆರಡು ಸಾವಿರ ಮೇಲೆ ನಿಂತಿದ್ದರೆ, ಉಳಿದದ್ದು ಕೈಯಿಂದ ಕೈಗೆ ಹೋಗಿದೆ ಎಂದೇ ಅನುಮಾನಿಸಬೇಕು.

ಅನುಮಾನವನ್ನು ಅಂಕಿಯಾಗಿಸಲು ಒಂದು ದಾರಿಯಿದೆ. ಕ್ರಯಪತ್ರದ ಬೆನ್ನಿಗೇ ಇ.ಸಿ.ಯಲ್ಲಿ ಹಕ್ಕುಪತ್ರಗಳ ಠೇವಣಿಯ ನಮೂದು ಇರುತ್ತದೆ, ಅಂದರೆ ಬ್ಯಾಂಕು ಸಾಲ ಕೊಟ್ಟದ್ದು. ರಿಸರ್ವ್ ಬ್ಯಾಂಕ್ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಮೀರುವಂತಿಲ್ಲ. ಕ್ರಯ 72 ಲಕ್ಷ, ಸಾಲ 68 ಲಕ್ಷ ಎಂದು ಕಂಡರೆ? 72 ಲಕ್ಷಕ್ಕೆ ಬ್ಯಾಂಕು ಕೊಡಬಹುದಾದದ್ದು ಹೆಚ್ಚೆಂದರೆ 57.6 ಲಕ್ಷ. 68 ಲಕ್ಷ ಕೊಟ್ಟಿದೆಯೆಂದರೆ ಅದರ ಲೆಕ್ಕದಲ್ಲಿ ಮನೆಯ ಬೆಲೆ ಕನಿಷ್ಠ 85 ಲಕ್ಷ. ಏರಿಯಾ ರೇಟಿಗೆ ಹಿಡಿಯಬೇಕಾದದ್ದು ಆ 85ನ್ನು. ಒಂದು ಎಚ್ಚರಿಕೆ: ಖಾಲಿ ಸೈಟಿನ ಮೇಲಿನ ಸಾಲದಲ್ಲಿ ಮನೆ ಕಟ್ಟುವ ಹಣವೂ ಸೇರಿರಬಹುದು, ಬಹಳ ದಿನ ಬಿಟ್ಟು ಬಂದ ಠೇವಣಿ ನಮೂದು ಬೇರೆ ಸಾಲದ್ದಾಗಿರಬಹುದು. ಕ್ರಯದ ಆಸುಪಾಸಿನಲ್ಲೇ ಆದ, ಕಟ್ಟಿ ಮುಗಿದ ಮನೆಯ ನಮೂದುಗಳಿಗೆ ಮಾತ್ರ ಈ ಲೆಕ್ಕ ಹಿಡಿಯುತ್ತದೆ.

ಇನ್ನೊಂದು ಬಲೆ ಹೊಸ ಅಪಾರ್ಟ್‌ಮೆಂಟ್. ಬುಕ್ಕಿಂಗ್ ಮಾಡಿದಾಗ ಬೆಲೆ ಗೊತ್ತಾಗುತ್ತದೆ, ಕ್ರಯಪತ್ರ ಆಗುವುದು ಕಟ್ಟಡ ಮುಗಿದ ಮೇಲೆ. 2025ರಲ್ಲಿ ನೋಂದಣಿಯಾದ ಮೊತ್ತ 2021ರ ಬೆಲೆಯಾಗಿರಬಹುದು. 'ಹೊಸ ಕಟ್ಟಡದಲ್ಲೇ ಚದರಡಿಗೆ ಇಷ್ಟೇ ರಿಜಿಸ್ಟರ್ ಆಗಿದೆ, ಹಳೆಯದಕ್ಕೆ ಇಷ್ಟು ಕೇಳ್ತೀರಲ್ಲ' ಎಂದು ಚೌಕಾಶಿಗೆ ಇಳಿದರೆ ಮಾರುವವರು ನಗುತ್ತಾರೆ, ನಗುವುದು ನ್ಯಾಯ. ತುಸು ಹಳೆಯ ಕಟ್ಟಡಗಳಲ್ಲಿ ನೆಲದ ಅವಿಭಾಜ್ಯ ಪಾಲಿಗೆ ಒಂದು ಕ್ರಯಪತ್ರ, ಕಟ್ಟುವುದಕ್ಕೆ ಬೇರೆ ಕರಾರು ಮಾಡಿಕೊಂಡಿರುತ್ತಾರೆ, ಇ.ಸಿ.ಯ ಮೊತ್ತ ನೆಲದ ಪಾಲಿನದು ಮಾತ್ರ. ಅಂಥ ಮೊದಲ ಮಾರಾಟವನ್ನು ಬಿಟ್ಟು, ಎರಡನೇ ಕೈಗೆ ಹೋದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟು ಜರಡಿ ಹಿಡಿದ ಮೇಲೆ ಕೈಯಲ್ಲಿ ಮೂರೋ ನಾಲ್ಕೋ ವಹಿವಾಟು ಉಳಿಯುತ್ತವೆ. ಸಾಕು. ಅವುಗಳ ಪ್ರಮಾಣಿತ ನಕಲು ತರಿಸಿಕೊಂಡರೆ ಷೆಡ್ಯೂಲಿನಲ್ಲಿ ವಿಸ್ತೀರ್ಣ, ಕಾರ್ ಪಾರ್ಕಿಂಗ್, ನೆಲದ ಪಾಲು ಎಲ್ಲ ಸಿಗುತ್ತವೆ. ಮಹಾರಾಷ್ಟ್ರದಲ್ಲಿ ಹಳ್ಳಿ, ವರ್ಷ, ಆಸ್ತಿಯ ಸಂಖ್ಯೆ ಕೊಟ್ಟು, ನೋಂದಣಿಯಾದ ಪತ್ರದ ಸಾರಾಂಶವಾದ ಸೂಚಿ-2 ನೋಡುವ ಉಚಿತ ಹುಡುಕಾಟವಿದೆ. ಮುಂಬಯಿ, ಪುಣೆಯ ಕನ್ನಡಿಗರಿಗೆ ಅದು ಗೊತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚಿನ ಮನೆ ಮಾರಾಟದ ಬೆಲೆಗಳನ್ನು ವಿಳಾಸದ ಸಮೇತ ಸರ್ಕಾರವೇ ಬಿಟ್ಟುಕೊಟ್ಟಿದೆ. ಕಾವೇರಿಯಲ್ಲಿ 'ಈ ಬಡಾವಣೆಯಲ್ಲಿ ಕಳೆದ ಆರು ತಿಂಗಳ ಕ್ರಯಪತ್ರಗಳು' ಎಂದು, ಹೆಸರು ಮರೆಮಾಡಿಯಾದರೂ, ತೋರಿಸುವ ಒಂದು ಗುಂಡಿ ಇದ್ದಿದ್ದರೆ ಈ ವಿಮರ್ಶೆ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಇ.ಸಿ. ಸೌಲಭ್ಯಕ್ಕೆ ಐದಕ್ಕೆ ಮೂರೂವರೆ.

ಆ್ಯಪುಗಳ ರೇಟು

ನೋಬ್ರೋಕರ್, 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಇವುಗಳಲ್ಲಿ ಕಾಣುವುದು ಮಾರುವವರ ಆಸೆ. ಆಸೆಗೂ ಬೆಲೆಯಿದೆ, ಓದುವ ರೀತಿ ಬೇರೆ. ಒಂದೇ ಮನೆಯನ್ನು ಆರು ಬ್ರೋಕರುಗಳು ಆರು ಮೊತ್ತಕ್ಕೆ ಹಾಕಿರುತ್ತಾರೆ. ಫೋಟೋದ ಕಿಟಕಿ ಸರಳು, ಟೈಲ್ಸು ನೋಡಿ ಒಂದೇ ಮನೆ ಎಂದು ಗುರುತಿಸಿ ಒಂದಾಗಿ ಎಣಿಸಬೇಕು. ಕೊಳ್ಳುವವರಿಗೆ ಹೆಚ್ಚು ಹೇಳುವುದು ಮೊತ್ತವಲ್ಲ, ಎಷ್ಟು ದಿನದಿಂದ ಹಾಗೇ ಕೂತಿದೆ ಎಂಬುದು. ಎರಡು ತಿಂಗಳು ಪ್ರತಿ ಭಾನುವಾರ ಅದೇ ಹುಡುಕಾಟ ಮಾಡಿ ಒಂದು ಹಾಳೆಯಲ್ಲಿ ಬರೆದಿಟ್ಟರೆ, ಯಾವುದು ಮೂರು ವಾರದಲ್ಲಿ ಮಾಯವಾಯಿತು, ಯಾವುದು ಎರಡು ಸಲ ಇಳಿಯಿತು ಎಂದು ತಿಳಿಯುತ್ತದೆ. ಮಾಯವಾದದ್ದರ ಆಸುಪಾಸಿನಲ್ಲೇ ಏರಿಯಾ ರೇಟು ಇರುವುದು. ಮಾರುವವರೂ ಇದನ್ನೇ ತಿರುಗಿಸಿ ಓದಿಕೊಳ್ಳಬೇಕು: ಹೆಚ್ಚಿಗೆ ಹೇಳಿ ನಿಧಾನ ಇಳಿಸಿದರಾಯಿತು ಎಂದುಕೊಂಡರೆ, ನಾಲ್ಕು ತಿಂಗಳ ಮೇಲೆ 'ಆ ಮನೆಗೇನೋ ತೊಂದರೆಯಿದೆ' ಎಂಬ ಮಾತು ಏರಿಯಾ ತುಂಬ ಹರಡಿರುತ್ತದೆ.

ಫ್ಲ್ಯಾಟುಗಳಲ್ಲಿ ಚದರಡಿ ರೇಟು ಎಂಬ ಮಾತೇ ಅಡ್ಡಗೋಡೆಯ ಮೇಲಿನ ದೀಪ. 1,200 ಚದರಡಿ ಸೂಪರ್ ಬಿಲ್ಟ್ಅಪ್ (ಗೋಡೆ, ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗವೂ ಸೇರಿ), ಚದರಡಿಗೆ 8,000, ಒಟ್ಟು 96 ಲಕ್ಷ. ಕಾರ್ಪೆಟ್ ವಿಸ್ತೀರ್ಣ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ, 840. ಪಕ್ಕದ ಕಟ್ಟಡದ್ದು 1,150, ಚದರಡಿಗೆ 8,200, ಒಟ್ಟು 94.3 ಲಕ್ಷ, ಕಾರ್ಪೆಟ್ 862. ರೇಟು ಕೇಳಿದರೆ ಮೊದಲನೆಯದು ಅಗ್ಗ. ಕಾರ್ಪೆಟ್ ಲೆಕ್ಕ ಹಾಕಿದರೆ ಮೊದಲನೆಯದು 11,429, ಎರಡನೆಯದು 10,940. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ನಂತರ ನೋಂದಣಿಯಾದ ಯೋಜನೆಗಳ ಕಾರ್ಪೆಟ್ ವಿಸ್ತೀರ್ಣ ಕರ್ನಾಟಕ ರೇರಾ ಜಾಲತಾಣದಲ್ಲೇ ಇರುತ್ತದೆ. ಹಳೆಯ ಕಟ್ಟಡವಾದರೆ ಟೇಪು ಹಿಡಿದು ಅಳೆಯುವುದೇ ಸರಿ.

ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ, ರಾಷ್ಟ್ರೀಯ ಗೃಹ ಬ್ಯಾಂಕಿನ ರೆಸಿಡೆಕ್ಸ್ ಇವನ್ನು ತೋರಿಸಿ 'ಬೆಂಗಳೂರು ಇಷ್ಟು ಏರಿದೆ' ಎನ್ನುವವರಿಗೆ ಒಂದೇ ಮಾತು: ಅವು ಇಡೀ ಊರಿನ ಸರಾಸರಿ. ಬಸವನಗುಡಿಯ ಹಳೆಯ ಮನೆಗೂ ಎಲೆಕ್ಟ್ರಾನಿಕ್ ಸಿಟಿಯ ಹೊಸ ಫ್ಲ್ಯಾಟಿಗೂ ಒಂದೇ ಜ್ವರಮಾಪಕ ಇಟ್ಟಂತೆ.

ಒಂದೇ ಏರಿಯಾ, ಎರಡು ರೇಟು

ಹೋಲಿಕೆಗೆ ಸಿಕ್ಕ ಮೂರು ನಾಲ್ಕು ವಹಿವಾಟುಗಳನ್ನು ನಿಮ್ಮ ಮನೆಗೆ ಒಗ್ಗಿಸುವಾಗ ಯಾವುದಕ್ಕೆ ಎಷ್ಟು ಏರಿಳಿತ ಎಂಬುದು ಯಾವ ತಂತ್ರಾಂಶದಲ್ಲೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಬಿರುಕು ಖಾತೆಯದು. ಒಂದೇ ಬೀದಿಯಲ್ಲಿ ಈ ಬದಿ ಎ ಖಾತೆ, ಆ ಬದಿ ಬಿ ಖಾತೆ ಇರುವ ಬಡಾವಣೆಗಳು ನಗರದ ಹೊರವಲಯದಲ್ಲಿ ಎಷ್ಟೋ ಇವೆ. ಬಿ ಖಾತೆಗೆ ಸಾಲ ಕೊಡುವ ಬ್ಯಾಂಕುಗಳು ಕಡಿಮೆ. ಸಾಲ ಸಿಗದಿದ್ದರೆ ಕೊಳ್ಳುವವರು ಕಡಿಮೆ. ಅಲ್ಲಿಗೆ ರೇಟು ಇಳಿಯಿತು. ಬಿ ಖಾತೆ ಸೈಟುಗಳನ್ನು ಎ ಖಾತೆಗೆ ಬದಲಿಸುವ ಯೋಜನೆಯನ್ನು ಸರ್ಕಾರ 2025ರ ಕೊನೆಯಲ್ಲಿ ತಂದಿತು. ಅದರ ಶುಲ್ಕವೂ ಮಾರ್ಗಸೂಚಿ ಮೌಲ್ಯದ ಲೆಕ್ಕದಲ್ಲೇ. ಹಾಗಾಗಿ ಈಗ ಬಿ ಖಾತೆ ಆಸ್ತಿಗೆ ಬೆಲೆ ಕಟ್ಟುವಾಗ ಎ ಖಾತೆಯ ರೇಟಿನಿಂದ ಆ ಶುಲ್ಕವನ್ನೂ, ಅದು ಆಗದೆ ಹೋಗುವ ಅಪಾಯಕ್ಕೆ ಇನ್ನಷ್ಟನ್ನೂ ಕಳೆಯಬೇಕು. 'ಎ ಖಾತೆ ಆಗೇ ಆಗುತ್ತೆ ಸಾರ್' ಎಂದು ಈಗಲೇ ಎ ಖಾತೆಯ ಬೆಲೆ ಕೇಳುವವರಿಗೆ, ಆದಮೇಲೆ ಬರುತ್ತೇವೆ ಎನ್ನಿ.

ನೀರು ಎರಡು ಬಗೆಯಲ್ಲಿ ಬೆಲೆ ಕಡಿಯುತ್ತದೆ, ಬಾರದೆ ಮತ್ತು ಬಂದು. 2024ರ ಬೇಸಿಗೆಯ ಬರದ ಮೇಲೆ ಕಾವೇರಿ ನೀರಿನ ಸಂಪರ್ಕ ಇದೆಯೇ ಎಂಬುದು ಹೊರವಲಯದಲ್ಲಿ ಮೊದಲ ಪ್ರಶ್ನೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತದ ಕಾವೇರಿ ಯೋಜನೆ 110 ಹಳ್ಳಿಗಳಿಗೆಂದು ಶುರುವಾಯಿತು. ಕೊಳವೆ ರಸ್ತೆಯಲ್ಲಿ ಹಾದಿರುವುದೂ ಮನೆಗೆ ಮೀಟರ್ ಬಂದಿರುವುದೂ ಒಂದಲ್ಲ; ಜಲಮಂಡಳಿಯ ಬಿಲ್ಲು ಕೇಳಿ ನೋಡಿ. ಬೇಸಿಗೆಯ ತಿಂಗಳುಗಳ ಟ್ಯಾಂಕರ್ ಖರ್ಚನ್ನು ಅಸೋಸಿಯೇಷನ್ ಲೆಕ್ಕಪುಸ್ತಕದಲ್ಲಿ ನೋಡಿ. ಇನ್ನು ಮುಳುಗುವ ಕಡೆ: 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್. ಕಂದಾಯ ಇಲಾಖೆಯ ದಿಶಾಂಕ್ ಆ್ಯಪು ತೆರೆದು ಸೈಟಿನ ಮುಂದೆ ನಿಂತರೆ ಸರ್ವೆ ನಂಬರು, ಹತ್ತಿರದ ಕೆರೆ, ಹಳ್ಳ ಕಾಣುತ್ತವೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗಡಿ ನಿರ್ಧರಿಸಲು ಅಲ್ಲ, ಅನುಮಾನ ಹುಟ್ಟಿಸಿಕೊಳ್ಳಲು ಅದು ಸಾಕು. ಆಮೇಲೆ ರಾಜಕಾಲುವೆಯ ಅಂತರಕ್ಕೆ ಸರ್ವೆ ನಕ್ಷೆ ಬೇಕು. ಕಾಂಪೌಂಡಿನ ಬುಡದಲ್ಲಿ ಹೊಸ ಬಣ್ಣ ಎರಡಡಿ ಎತ್ತರಕ್ಕೆ ಮಾತ್ರ ಹೊಡೆದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ರಸ್ತೆಯ ಅಗಲ ಬರೀ ಕಾರಿನ ಮಾತಲ್ಲ. ಎಷ್ಟು ಕಟ್ಟಬಹುದು ಎಂಬುದು ಸೈಟಿನ ಅಳತೆ ಮತ್ತು ರಸ್ತೆಯ ಅಗಲದ ಮೇಲೆ ನಿಂತಿದೆ. 20 ಅಡಿ ರಸ್ತೆಯ ಸೈಟಿನ ಕ್ರಯವನ್ನು 40 ಅಡಿ ರಸ್ತೆಯದಕ್ಕೆ ಹೋಲಿಸಬಾರದು. ದಕ್ಷಿಣ ದಿಕ್ಕಿನ ಬಾಗಿಲು, ರಸ್ತೆ ನೇರ ಬಂದು ಎದುರಾಗುವ ಬೀದಿ ಕುತ್ತು ಇವುಗಳಲ್ಲಿ ನಿಮಗೆ ನಂಬಿಕೆ ಇರಲಿ ಬಿಡಲಿ, ಕೊಳ್ಳುವವರಲ್ಲಿ ಅನೇಕರಿಗೆ ಇದೆ. ಮಾರುವಾಗ ಅದು ಕಾಡುತ್ತದೆ. ನಂಬದವರಿಗೆ ಕೊಳ್ಳುವಾಗ ಅದೇ ಲಾಭ.

ಹಳೆಯ ಸ್ವತಂತ್ರ ಮನೆಯಲ್ಲಿ ನೆಲ ಮತ್ತು ಕಟ್ಟಡ ಬಿಡಿಸಿ ನೋಡದಿದ್ದರೆ ಹೋಲಿಕೆಯೇ ಆಗದು. 30×40ರಲ್ಲಿ 20 ವರ್ಷದ, 1,800 ಚದರಡಿಯ ಮನೆಗೆ 1.75 ಕೋಟಿ ಕೇಳುತ್ತಿದ್ದಾರೆ ಎನ್ನಿ. ಇಂದು ಕಟ್ಟಲು ಚದರಡಿಗೆ 2,200, ಆಯುಷ್ಯ 60 ವರ್ಷ ಎಂದು ಹಿಡಿದರೆ 39.6 ಲಕ್ಷದಲ್ಲಿ ಮೂರನೇ ಎರಡು ಭಾಗ, 26.4 ಲಕ್ಷ ಉಳಿದಿದೆ. ನೆಲಕ್ಕೆ ಕೇಳುತ್ತಿರುವುದು 1,48,60,000, ಚದರಡಿಗೆ 12,383. ಈ ಅಂಕಿಯನ್ನು ಅದೇ ಕ್ರಾಸಿನ ಖಾಲಿ ಸೈಟಿನ ಕ್ರಯದ ಜೊತೆ ಇಟ್ಟು ನೋಡಿ. ಕೆಡವಿ ಕಟ್ಟುವ ಯೋಚನೆಯಿದ್ದರೆ 26.4 ಲಕ್ಷ ಸೊನ್ನೆ. ಕೆಡವುವ ಖರ್ಚನ್ನು ಮೇಲಿಂದ ಕಳೆಯಬೇಕು. ಮಾರುವವರು ಕಟ್ಟಡಕ್ಕೂ ಬೆಲೆ ಕೊಡುವ, ಅಲ್ಲೇ ವಾಸಿಸುವ ಗಿರಾಕಿಯನ್ನು ಹುಡುಕುವುದು ಲೇಸು.

ಬಾಡಿಗೆಯನ್ನೂ ಮರೆಯಬಾರದು. ಕ್ರಯದ ಮೊತ್ತ ಮುಚ್ಚಿಡುವವರಿದ್ದಾರೆ, ಬಾಡಿಗೆ ಮುಚ್ಚಿಡುವವರು ಕಡಿಮೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ವರ್ಷದ ಬಾಡಿಗೆ ಬೆಲೆಯ ಶೇ 3ರಿಂದ 4ರ ಆಸುಪಾಸಿನಲ್ಲಿರುವುದು ಸಾಮಾನ್ಯ. ತಿಂಗಳಿಗೆ 25,000 ಬಾಡಿಗೆ ಬರುವ ಫ್ಲ್ಯಾಟಿಗೆ 1.4 ಕೋಟಿ ಕೇಳಿದರೆ ಶೇ 2.1 ಆಯಿತು, ಆ ಹೆಚ್ಚುವರಿ ಬೆಲೆ ಯಾವುದಕ್ಕೆ ಎಂದು ಮಾರುವವರು ವಿವರಿಸಬೇಕು.

ನೋಂದಣಿಯ ದಿನದ ಕಾವೇರಿ

ಈ ಭಾಗ ಚುಟುಕಾಗಿ. ಮನೆಯಿಂದಲೇ ವಿವರ ತುಂಬಿ ಕರಡು ಹಾಕಿ, ಉಪನೋಂದಣಾಧಿಕಾರಿ ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳುವ ಪದ್ಧತಿ ಚೆನ್ನಾಗಿದೆ. ಕಚೇರಿಯಲ್ಲಿ ಉಳಿಯುವುದು ಫೋಟೋ, ಬೆರಳಚ್ಚು, ಸಹಿ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಾದರೂ ಆಗುತ್ತದೆ. ಸಿಕ್ಕಿಬೀಳುವುದು ಇ-ಖಾತೆಯಲ್ಲಿ. ಅದರಲ್ಲಿರುವ ಅಳತೆ, ಹೆಸರು, ಚಕ್ಕುಬಂದಿ ಕ್ರಯಪತ್ರಕ್ಕೆ ತಾಳೆಯಾಗದಿದ್ದರೆ ಕರಡು ವಾಪಸು ಬರುತ್ತದೆ. ಮಾರುವವರು ಗಿರಾಕಿ ಹುಡುಕುವ ಮುಂಚೆಯೇ ಆಧಾರ್, ಕ್ರಯಪತ್ರದ ಸಂಖ್ಯೆ, ತೆರಿಗೆ ರಸೀದಿ, ಬೆಸ್ಕಾಂ ಖಾತೆ ಸಂಖ್ಯೆ, ಇ.ಸಿ., ಮನೆಯ ಫೋಟೋ ಇಟ್ಟುಕೊಂಡು ಅಂತಿಮ ಇ-ಖಾತೆ ಮಾಡಿಸಿಬಿಡಬೇಕು. ಸಿದ್ಧ ಇ-ಖಾತೆ ಇರುವ ಮನೆ ಬೇಗ ಹೋಗುತ್ತದೆ.

2025ರ ಆರಂಭದಲ್ಲಿ ಸೈಬರ್ ದಾಳಿಯಿಂದ ಕಾವೇರಿ ದಿನಗಟ್ಟಲೆ ತೆವಳಿದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ ಕರಾರಿನ ಗಡುವನ್ನು ಕೊನೆಯ ದಿನಕ್ಕೆ ಬಿಗಿಯಬೇಡಿ. ಸರ್ವರ್ ತೊಂದರೆಯಾದರೆ ಗಡುವು ತಾನಾಗಿ ಮುಂದೆ ಹೋಗುತ್ತದೆ ಎಂಬ ಒಂದು ಸಾಲನ್ನು ಕರಾರಿನಲ್ಲೇ ಬರೆಸಿ. ಬೆಲೆ 50 ಲಕ್ಷ ಅಥವಾ ಮೇಲಾದರೆ ಕೊಳ್ಳುವವರು ಕೊಡುವ ಹಣದಲ್ಲೇ ಶೇ 1 ಟಿಡಿಎಸ್ (ಮೂಲದಲ್ಲೇ ಕಳೆಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ ಶೇ 1 ಅನ್ವಯಿಸದು, ದರ ಹೆಚ್ಚು, 50 ಲಕ್ಷದ ಮಿತಿಯೂ ಇಲ್ಲ. ಅಮೆರಿಕದಲ್ಲಿರುವ ಮಗನ ಹೆಸರಿನ ಫ್ಲ್ಯಾಟನ್ನು ಇಲ್ಲಿನ ಅಪ್ಪ ಜಿಪಿಎ (ಮಗನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಹಿಡಿದು ಮಾರುವಾಗ ಕೊಳ್ಳುವವರು ಎಡವುವುದು ಇಲ್ಲೇ. ಮುಂಗಡ ಕೊಡುವ ಮೊದಲೇ ಕ್ರಯಪತ್ರದಲ್ಲಿರುವ ಹೆಸರಿನವರು ಎಲ್ಲಿದ್ದಾರೆ ಎಂದು ಕೇಳಿ.